ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಿಮದಂಚಿನ ಬಂಡೆಯಲ್ಲಿ ಹಮ್ಮಿಂಗ್‌ಬರ್ಡ್‌ಗಳ ವಠಾರ

ಹಮ್ಮಿಂಗ್‌ಬರ್ಡ್ ಒಂಟಿ ಹಕ್ಕಿ, ಮಹಾ ಜಗಳಗಂಟಿ ಎಂದು ಓದಿದ್ದೆ. ಈಗ ನೋಡಿದರೆ ಈಕ್ವೆಡಾರ್ ದೇಶದ ಒಂದು ಗುಹೆಯಲ್ಲಿ ಹತ್ತಾರು ಹಕ್ಕಿಗಳು ಒಟ್ಟಿಗೆ ಮಲಗುತ್ತವೆ, ಅಲ್ಲೇ ಗೂಡು ಕಟ್ಟುತ್ತವೆ ಎಂಬ ಸುದ್ದಿ. ಯಾವುದು ಸರಿ? — ಓದುಗರು, ಧಾರವಾಡ

ಎರಡೂ ಸರಿ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಸುಮಾರು 360 ಪ್ರಭೇದಗಳಿವೆ. ಇವುಗಳಲ್ಲಿ ಬಹುಪಾಲಿನ ಸಂಸಾರ ನಡೆಯುವುದು ಒಂದೇ ರೀತಿ: ಕೂಡಿದ ಮೇಲೆ ಗಂಡು ತನ್ನ ದಾರಿ ಹಿಡಿಯುತ್ತದೆ, ಗೂಡು ಕಟ್ಟುವುದು, ಕಾವು ಕೊಡುವುದು, ಗುಟುಕು ಕೊಡುವುದು ಎಲ್ಲ ಹೆಣ್ಣಿನ ಪಾಲಿಗೆ. ಒಳ್ಳೆಯ ಹೂಗಿಡ ಸಿಕ್ಕರೆ ಅದರ ಸುತ್ತ ಇನ್ನೊಂದು ಹಕ್ಕಿ ಸುಳಿಯದಂತೆ ಕಾಯುತ್ತವೆ. ದಿನಕ್ಕೆ ತನ್ನ ಮೈತೂಕಕ್ಕಿಂತ ಹೆಚ್ಚು ಮಕರಂದ ಹೀರಬೇಕಾದ ಪ್ರಾಣಿಗೆ ಹೂವಿನ ವಿಷಯದಲ್ಲಿ ಔದಾರ್ಯ ಸಾಧ್ಯವಿಲ್ಲ.

ನೀವು ಓದಿದ ಸುದ್ದಿ ಚಿಂಬೊರಾಜೊ ಜ್ವಾಲಾಮುಖಿಯದು. ಎತ್ತರ 6,263 ಮೀಟರ್. ಅದರ ಇಳಿಜಾರಿನಲ್ಲಿ, ಮರಗಳು ಮುಗಿದು ಹುಲ್ಲು, ಕುರುಚಲು ಪೊದೆಗಳಷ್ಟೇ ಉಳಿಯುವ ‘ಪಾರಮೊ’ ಎಂಬ ಬಯಲಿನಲ್ಲಿ ಈಕ್ವೆಡಾರಿಯನ್ ಹಿಲ್‌ಸ್ಟಾರ್ ಎಂಬ ಹಮ್ಮಿಂಗ್‌ಬರ್ಡ್ ಬದುಕುತ್ತದೆ. ತೂಕ ಸುಮಾರು 8 ಗ್ರಾಂ. ಗಂಡಿಗೆ ತಲೆಯಿಂದ ಕೊರಳವರೆಗೆ ಮಿರುಗುವ ನೇರಳೆ ಮುಸುಕು, ಹೊಟ್ಟೆ ಬಿಳಿ. ಚಿಂಬೊರಾಜೊದ ಉಪಪ್ರಭೇದದ ಗಂಡಿಗೆ ಈ ಮುಸುಕಿನ ಕೆಳಗೆ ಗಂಟಲಲ್ಲೊಂದು ಹಸಿರು ಮಚ್ಚೆಯೂ ಇರುತ್ತದೆ. ಗುಸ್ತಾವೊ ಕಾನ್ಯಾಸ್-ವಾಯೆ ಮತ್ತು ಹುವಾನ್ ಲೂಯಿಸ್ ಬೌಜಾತ್ ಎಂಬ ಸಂಶೋಧಕರು 2024ರಲ್ಲಿ ‘ಆರ್ನಿಥಾಲಜಿ’ ಪತ್ರಿಕೆಯಲ್ಲಿ ವರದಿ ಮಾಡಿದ್ದು ಇವುಗಳ ಬಗ್ಗೆ. ಒಂದೇ ಗುಹೆಯಲ್ಲಿ ಬೆಳೆದ ಹಕ್ಕಿಗಳೇ 20ಕ್ಕೂ ಹೆಚ್ಚು, ಜೊತೆಗೆ ಗೂಡುಗಳಲ್ಲಿ ಮರಿಗಳು.

ಇದರಲ್ಲಿ ನಿಜಕ್ಕೂ ಹುಬ್ಬೇರಿಸಬೇಕಾದದ್ದು ಸಂಖ್ಯೆಯಲ್ಲ. ಗೂಡಿನ ಹತ್ತಿರ ಗಂಡಿಗೆ ಜಾಗವೇ ಇಲ್ಲದ ಕುಲ ಇದು. ಅಂಥದರಲ್ಲಿ ಮರಿ ಮಾಡುತ್ತಿರುವ ಹೆಣ್ಣುಗಳಿದ್ದ ಗುಹೆಯಲ್ಲೇ ಗಂಡುಗಳೂ ರಾತ್ರಿ ಕಳೆಯುತ್ತಿದ್ದವು.

ಮರವೇ ಇಲ್ಲದ ಜಾಗದಲ್ಲಿ ಗೂಡು ಯಾವುದಕ್ಕೆ ಕಟ್ಟುತ್ತವೆ? ಹೇಗೆ ಕಟ್ಟುತ್ತವೆ? ಎಲ್ಲವೂ ಒಂದೇ ಕಡೆ ಏಕೆ ಸೇರುತ್ತವೆ? — ಓದುಗರು, ಮೂಡಿಗೆರೆ

ಬಂಡೆಗೆ ಕಟ್ಟುತ್ತವೆ. ಕೊರಕಲಿನ ಗೋಡೆ, ಮುಂದಕ್ಕೆ ಚಾಚಿದ ಬಂಡೆಯ ಅಡಿ, ಗುಹೆಯ ಬಾಯಿ, ಇವೇ ಜಾಗಗಳು. ಮನುಷ್ಯರು ಬಿಟ್ಟುಹೋದ ಗಣಿಯ ಸುರಂಗ, ಪಾಳುಮನೆ, ಸೇತುವೆಯ ಅಡಿಭಾಗ ಸಿಕ್ಕರೂ ಬಿಡುವುದಿಲ್ಲ.

ಕೊನೆಯ ಪ್ರಶ್ನೆಗೆ ಉತ್ತರ ಜಾಗದ ಆಯ್ಕೆಯಲ್ಲೇ ಇದೆ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊದಲನೆಯದು ತಲೆಯ ಮೇಲೊಂದು ಸೂರು. ಈ ಎತ್ತರದಲ್ಲಿ ಗಾಳಿ ತೆಳು, ರಾತ್ರಿಯ ಆಕಾಶ ಶುಭ್ರವಾಗಿದ್ದರೆ ನೆಲದ ಶಾಖವೆಲ್ಲ ನೇರ ಮೇಲಕ್ಕೆ ಸೂಸಿಹೋಗುತ್ತದೆ. ಬಯಲಿನಲ್ಲಿ ಹೆಪ್ಪುಗಟ್ಟುವ ಚಳಿ. ಚಾಚುಬಂಡೆಯ ಅಡಿ ಕುಳಿತ ಹಕ್ಕಿಗೆ ಎದುರಾಗುವುದು ಆಕಾಶವಲ್ಲ, ಹಗಲಿನ ಬಿಸಿಲನ್ನು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುವ ಕಲ್ಲು. ಹಿಮ, ಆಲಿಕಲ್ಲುಗಳಿಂದಲೂ ರಕ್ಷಣೆ. ಎರಡನೆಯದು ಬೆಳಗಿನ ಬಿಸಿಲು. ಎಫ್. ಲಿನ್ ಕಾರ್ಪೆಂಟರ್ ಎಂಬ ವಿಜ್ಞಾನಿ ಪೆರುವಿನಲ್ಲಿ ಇದರ ಹತ್ತಿರದ ನೆಂಟನಾದ ಆಂಡಿಯನ್ ಹಿಲ್‌ಸ್ಟಾರನ್ನು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದ ಕೆಲಸ ಇಂದಿಗೂ ಈ ವಿಷಯಕ್ಕೆ ತಳಪಾಯ; ಪೂರ್ವಕ್ಕೆ ಮುಖ ಮಾಡಿದ ಗೋಡೆಗಳ ಕಡೆಗೆ ಗೂಡುಗಳ ಒಲವು ಅದರಲ್ಲಿ ದಾಖಲಾಗಿದೆ. ರಾತ್ರಿಯೆಲ್ಲ ಕಾವು ಕೊಟ್ಟು ಬರಿದಾದ ತಾಯಿ ಬೆಳಿಗ್ಗೆ ಮೇವಿಗೆ ಏಳಲೇಬೇಕು. ಆ ಹೊತ್ತಿಗೆ ಬಿಸಿಲು ಗೂಡಿಗೆ ಬಿದ್ದರೆ ಮೊಟ್ಟೆ ತಣ್ಣಗಾಗುವುದಿಲ್ಲ. ಪಶ್ಚಿಮದ ಗೋಡೆಗೂ ಬಿಸಿಲು ಬರುತ್ತದೆ ನಿಜ, ಆದರೆ ಬೇಕಾದ ಹೊತ್ತಿಗಲ್ಲ.

ಮೂರನೆಯದು, ಗೋಡೆ ಕಡಿದಾಗಿರಬೇಕು, ಇಲಿಯೋ ನರಿಯೋ ಹತ್ತಬಾರದು. ನಾಲ್ಕನೆಯದು, ಮಳೆ ಬಂದಾಗ ಬಂಡೆಯ ಮೈಮೇಲೆ ನೀರು ಜಿನುಗಬಾರದು. ಐದನೆಯದು, ಹಾರಿ ತಲುಪುವ ದೂರದಲ್ಲಿ ಹೂವಿರಬೇಕು. ಚಿಂಬೊರಾಜೊದಲ್ಲಿ ಆ ಹೂವು ಮುಖ್ಯವಾಗಿ ಚುಕಿರಾಗ್ವ, ಮುಳ್ಳೆಲೆಯ ಕುಳ್ಳ ಪೊದೆ, ಕಿತ್ತಳೆ ಬಣ್ಣದ ಹೂ. 4,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60ರಷ್ಟು ಮಾತ್ರ. ಗಾಳಿಯಲ್ಲಿ ನಿಂತು ರೆಕ್ಕೆ ಬಡಿಯುವುದು ಇಲ್ಲಿ ದುಬಾರಿ ಕೆಲಸ. ಹಾಗಾಗಿ ಹಿಲ್‌ಸ್ಟಾರ್ ಪೊದೆಯ ಮೇಲೆ ಕುಳಿತೇ, ಇಲ್ಲವೆ ಕಾಲಿನಿಂದ ಕೊಂಬೆಗೆ ಜೋತುಬಿದ್ದೇ ಹೂವಿಗೆ ಕೊಕ್ಕು ಹಾಕುತ್ತದೆ. ಅದರ ಪಾದ ಬೇರೆ ಹಮ್ಮಿಂಗ್‌ಬರ್ಡ್‌ಗಳದ್ದಕ್ಕಿಂತ ದೊಡ್ಡದು, ಗಟ್ಟಿ.

ಈ ಐದೂ ಷರತ್ತು ಕೂಡಿಬರುವ ಗೋಡೆಗಳು ಒಂದು ಇಡೀ ಬೆಟ್ಟದ ಮಗ್ಗುಲಲ್ಲಿ ಎಷ್ಟಿದ್ದಾವು? ಸಿಕ್ಕ ಒಂದೆರಡು ಗೋಡೆಗಳಿಗೇ ಎಲ್ಲ ಹೆಣ್ಣುಗಳೂ ಬರುತ್ತವೆ. ಗೂಡುಗಳು ಅಕ್ಕಪಕ್ಕ ಏಳುವುದಕ್ಕೆ ಬೇರೆ ಕಾರಣ ಹುಡುಕುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಕಟ್ಟುವ ಬಗೆ. ತಗ್ಗುನಾಡಿನ ಹಮ್ಮಿಂಗ್‌ಬರ್ಡ್ ಗೂಡು ಕೊಂಬೆಯ ಮೇಲೆ ಕೂರುವ ಪುಟ್ಟ ಬಟ್ಟಲು. ಹಿಲ್‌ಸ್ಟಾರಿನದು ಗೋಡೆಗೆ ಒಂದು ಮಗ್ಗುಲಿನಿಂದ ಅಂಟಿಕೊಂಡು ತೂಗುವ ದಪ್ಪ ಉಂಡೆ. ಮೊದಲು ಜೇಡರ ನೂಲನ್ನು ಕಲ್ಲಿನ ಒರಟು ಮೈಗೆ ಒತ್ತಿ ಪಾಚಿ, ನಾರು, ಒಣಹುಲ್ಲನ್ನು ಅದಕ್ಕೆ ಸಿಕ್ಕಿಸುತ್ತ ಹಿಂಬದಿಯ ಅಂಟು ಕಟ್ಟುತ್ತದೆ. ಅದರ ಮೇಲೆ ಬಟ್ಟಲು, ಬಟ್ಟಲಿನೊಳಗೆ ಉಣ್ಣೆ, ಪುಕ್ಕ, ಗಿಡದ ಹತ್ತಿ. ಕುರಿ, ಅಲ್ಪಾಕ ಮೇಯುವ ಕಡೆ ಬೇಲಿಗೆ ಸಿಕ್ಕ ಉಣ್ಣೆಯ ಎಳೆಗಳು ನೇರ ಗೂಡಿಗೆ ಹೋಗುತ್ತವೆ. ಗೋಡೆ ದಪ್ಪವಿರುವುದು ಚಳಿಗೆ. ಹಳೆಯ ಗೂಡು ಗಟ್ಟಿಯಿದ್ದರೆ ಮುಂದಿನ ಸಲ ಅದರ ಮೇಲೆಯೇ ಹೊಸ ಪದರ ಹಾಕುತ್ತದೆ. ಹೀಗಾಗಿ ಒಂದೇ ಗೋಡೆಯಲ್ಲಿ ಹೊಸ ಗೂಡು, ತೇಪೆ ಹಾಕಿದ ಗೂಡು, ಪಾಳುಬಿದ್ದ ಗೂಡು ಎಲ್ಲ ಒಟ್ಟಿಗೆ ಕಾಣುತ್ತವೆ. ಎಣಿಸುವವರು ಎಡವುವುದು ಇಲ್ಲೇ: ಕಂಡ ಗೂಡುಗಳಷ್ಟೂ ಸಂಸಾರಗಳಲ್ಲ. ಒಳಗೆ ಮೊಟ್ಟೆಯೋ ಮರಿಯೋ ಇದ್ದರೆ, ಇಲ್ಲವೆ ತಾಯಿ ಕುಳಿತಿದ್ದರೆ ಮಾತ್ರ ಲೆಕ್ಕ.

ಕೆಡುವುದು ಹೆಚ್ಚಾಗಿ ಅಂಟಿನಲ್ಲಿ. ಬಂಡೆ ಜಿನುಗಿ ಹಿಂಬದಿ ಒದ್ದೆಯಾದರೆ ಉಣ್ಣೆ ನೀರು ಕುಡಿದು ಭಾರವಾಗುತ್ತದೆ, ಉಂಡೆ ಇಡಿಯಾಗಿ ಕಳಚುತ್ತದೆ.

ಅಷ್ಟು ಚಳಿಯಲ್ಲಿ ಈ ಹಕ್ಕಿಗಳು ರಾತ್ರಿ ಮೈ ತಣ್ಣಗೆ ಮಾಡಿಕೊಂಡು ಮರಗಟ್ಟುತ್ತವಂತೆ. ಹಾಗಾದರೆ ಮೊಟ್ಟೆಯ ಗತಿ? — ಓದುಗರು, ಮೈಸೂರು

ಮೊಟ್ಟೆ ಇರುವಾಗ ತಾಯಿ ಸಾಮಾನ್ಯವಾಗಿ ಮರಗಟ್ಟುವುದಿಲ್ಲ. ಉಳಿದ ಹಕ್ಕಿಗಳು ಮರಗಟ್ಟುವುದು ನಿಜ. ಪೆರುವಿನ ಆಂಡಿಸ್‌ನಲ್ಲಿ ಸುಮಾರು 3,800 ಮೀಟರ್ ಎತ್ತರದಲ್ಲಿ ಆರು ಪ್ರಭೇದಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಕ್ಕಿಯ ಮೈಶಾಖ 3.3 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದಿತ್ತು. ಹಗಲಿನಲ್ಲಿ ಅದೇ ಮೈ ಸುಮಾರು 40 ಡಿಗ್ರಿ. ಹಾರುವಾಗ ನಿಮಿಷಕ್ಕೆ ಸಾವಿರ ದಾಟುವ ಎದೆಬಡಿತ ಐವತ್ತರ ಆಸುಪಾಸಿಗೆ ಬರುತ್ತದೆ. ಬೆಳಗಿನ ಜಾವ ಸ್ನಾಯು ನಡುಗಿಸಿ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಮೈ ಬಿಸಿ ಮಾಡಿಕೊಳ್ಳುತ್ತವೆ. ಇದರಿಂದ ಆ ರಾತ್ರಿಯ ಕೊಬ್ಬು ಉಳಿಯುತ್ತದೆ.

ಕಾವಿಗೆ ಕುಳಿತ ತಾಯಿಗೆ ಈ ಉಳಿತಾಯ ಇಲ್ಲ. ಸಂಜೆ ಕೊನೆಯ ಸುತ್ತಿನಲ್ಲಿ ಗಂಟಲಚೀಲ ತುಂಬ ಮಕರಂದ ತುಂಬಿಕೊಂಡು ಬಂದು ರಾತ್ರಿಯನ್ನು ಅದರಲ್ಲಿ ತಳ್ಳಬೇಕು. ಹೂವು ಕೈಕೊಟ್ಟ ದಿನ, ದಿನವಿಡೀ ಮಂಜುಮಳೆ ಹಿಡಿದ ದಿನ ಚೀಲ ತುಂಬುವುದಿಲ್ಲ. ಆಗ ನಡುರಾತ್ರಿಯ ಮೇಲೆ ತಾಯಿಯೂ ತಣ್ಣಗಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಬ್ರಾಡ್‌ಟೇಲ್ಡ್ ಹಮ್ಮಿಂಗ್‌ಬರ್ಡ್ ಗೂಡುಗಳಲ್ಲಿ ಇದನ್ನು ಅಳೆದು 1970ರ ದಶಕದಲ್ಲೇ ವರದಿ ಮಾಡಿದ್ದಾರೆ. ಒಂದೆರಡು ತಂಪುರಾತ್ರಿಗಳಿಂದ ಮೊಟ್ಟೆ ಸಾಯುವುದಿಲ್ಲ, ಒಳಗಿನ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ. ಹಿಲ್‌ಸ್ಟಾರಿನ ಲೆಕ್ಕ ಹೇಗೂ ಉದ್ದ: ಎರಡು ಮೊಟ್ಟೆ, ಸುಮಾರು 20 ದಿನ ಕಾವು, ಆಮೇಲೆ ಮರಿ ಹಾರಲು ಒಂದು ತಿಂಗಳಿಗೂ ಹೆಚ್ಚು. ತಗ್ಗುನಾಡಿನ ಬಂಧುಗಳ ಮರಿ ಮೂರು ವಾರಕ್ಕೇ ಹಾರಿರುತ್ತದೆ.

ಗುಹೆಯ ಬೆಲೆ ಗೊತ್ತಾಗುವುದು ಇಲ್ಲೇ. ಒಳಗಿನ ಗಾಳಿ ಹೊರಗಿನದಕ್ಕಿಂತ ಕೆಲವೇ ಡಿಗ್ರಿ ಬೆಚ್ಚಗಿದ್ದರೂ, 8 ಗ್ರಾಂ ಮೈಗೆ ಇಡೀ ರಾತ್ರಿಯಲ್ಲಿ ಅದು ದೊಡ್ಡ ಮೊತ್ತ.

ಗುಹೆಯ ಹಕ್ಕಿಗಳು ಬೆಳಿಗ್ಗೆ ಒಟ್ಟಿಗೆ ಹೊರಟು ಸಂಜೆ ಒಟ್ಟಿಗೆ ಮರಳುತ್ತವೆಯಂತೆ. ಹಾಗಿದ್ದರೆ ಇದು ನಮ್ಮ ಗೀಜಗನ ಹಾಗೆ ಸಮಾಜಜೀವನವೇ ಅಲ್ಲವೇ? — ಓದುಗರು, ಶಿವಮೊಗ್ಗ

ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಗೀಜಗದಲ್ಲಿ ಗೂಡು ನೇಯುವುದು ಗಂಡು. ಹಲವು ಗಂಡುಗಳು ಒಂದೇ ಮರದಲ್ಲಿ ನೇಯುತ್ತ ಹೆಣ್ಣುಗಳನ್ನು ಕರೆಯುತ್ತವೆ. ಅಲ್ಲಿ ಗುಂಪು ಸಂತಾನದ ವ್ಯವಸ್ಥೆಯಲ್ಲೇ ಸೇರಿದೆ. ಹಿಲ್‌ಸ್ಟಾರಿನಲ್ಲಿ ಪ್ರತಿ ಹೆಣ್ಣೂ ತನ್ನ ಗೂಡನ್ನು ತಾನೇ ಕಟ್ಟಿ, ತನ್ನ ಮರಿಗಳಿಗೆ ತಾನೇ ಗುಟುಕು ತರುತ್ತದೆ. ಬೆಂಗಳೂರು, ಮೈಸೂರಿನ ಹಳೆಯ ವಠಾರ ನೆನಪಿಸಿಕೊಳ್ಳಿ: ಗೋಡೆ ಒಂದೇ, ಅಂಗಳ ಒಂದೇ, ಒಲೆ ಬೇರೆ ಬೇರೆ. ಇದು ಅಂಥದ್ದು, ಅವಿಭಕ್ತ ಕುಟುಂಬವಲ್ಲ.

ವಠಾರದಲ್ಲೂ ನೆರೆಹೊರೆಯ ಸಂಬಂಧ ಬೆಳೆಯುತ್ತದಲ್ಲ ಎಂದು ಕೇಳಬಹುದು. ಬೆಳೆದಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆ ಬೇಕು. ಮೊದಲನೆಯದು ಖಾಲಿ ಜಾಗದ್ದು. ಹತ್ತಿರದಲ್ಲೇ ಅಷ್ಟೇ ಬೆಚ್ಚಗಿನ, ಅಷ್ಟೇ ಒಣಗಿದ, ಹೂವಿಗೆ ಅಷ್ಟೇ ಹತ್ತಿರದ ಗೋಡೆಗಳು ಖಾಲಿ ಬಿದ್ದಿದ್ದರೂ ಹೆಣ್ಣುಗಳು ಗೂಡಿರುವ ಕಡೆಗೇ ಬಂದರೆ ಅವು ನೆರೆಯನ್ನು ಬಯಸಿವೆ ಎನ್ನಬಹುದು. ಖಾಲಿ ಗೋಡೆಯೇ ಇಲ್ಲದಿದ್ದರೆ ಅದು ಬರೀ ಇಕ್ಕಟ್ಟು. ಇದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು; ಗೂಡಿರುವ ಗೋಡೆ, ಇಲ್ಲದ ಗೋಡೆ ಎರಡರಲ್ಲೂ ತಾಪಮಾಪಕ ಇಟ್ಟು ವಾರಗಟ್ಟಲೆ ಹಗಲು ರಾತ್ರಿ ದಾಖಲಿಸಬೇಕು. ಎರಡನೆಯದು ನೆಂಟಸ್ತಿಕೆಯದು: ಉದುರಿದ ಪುಕ್ಕದ ಡಿಎನ್‌ಎಯಿಂದ ಪಕ್ಕದ ಗೂಡಿನವಳು ತಾಯಿಯೋ, ಮಗಳೋ, ಪರಕೀಯಳೋ ತಿಳಿಯುತ್ತದೆ. ಮೂರನೆಯದು ನಡತೆಯದು: ಬೇಟೆಹಕ್ಕಿ ಬಂದಾಗ ಒಂದು ಕೂಗಿದರೆ ಉಳಿದವು ಎಚ್ಚರಗೊಳ್ಳುತ್ತವೆಯೇ, ಕೂಡಿ ಓಡಿಸುತ್ತವೆಯೇ, ತಮ್ಮ ಗುಹೆಯವರಿಗೂ ಹೊಸಬರಿಗೂ ಭೇದ ತೋರಿಸುತ್ತವೆಯೇ.

ಒಟ್ಟಿಗೆ ಹೊರಡುವ ಮಾತು ಈ ಮೂರರಷ್ಟು ತೂಕದ್ದಲ್ಲ. ಒಂದೇ ಬಾಯಿಯ ಗುಹೆಗೆ ಬೆಳಕು ಎಲ್ಲರಿಗೂ ಒಂದೇ ಹೊತ್ತಿಗೆ ಬೀಳುತ್ತದೆ, ಹಸಿವೂ ಒಂದೇ ಹೊತ್ತಿಗೆ. ಹೇಳಿಕೊಂಡು ಹೊರಡದಿದ್ದರೂ ಒಟ್ಟಿಗೆ ಹೊರಟಂತೆಯೇ ಕಾಣುತ್ತದೆ. ಹಾಗೆಂದು ಚಿಂಬೊರಾಜೊ ವರದಿ ಸಣ್ಣದೇನಲ್ಲ. ಹೂವಿಗಾಗಿ ಕಾದಾಡುವ ಹಕ್ಕಿಗಳು ಮಲಗುವ ಜಾಗದಲ್ಲಿ ಒಂದನ್ನೊಂದು ಸಹಿಸಿಕೊಳ್ಳುತ್ತಿವೆ. ಸಹಿಸುವ ಗುಣವಿಲ್ಲದೆ ಯಾವ ಸಮಾಜಜೀವನವೂ ಮೊದಲಾಗದು.

ಬೇರೆ ಬೆಟ್ಟಗಳಲ್ಲೂ ಹಮ್ಮಿಂಗ್‌ಬರ್ಡ್ ಗೂಡುಗಳು ಒಂದೆಡೆ ಸೇರುವುದುಂಟೇ? — ಓದುಗರು, ಹಾಸನ

ಉಂಟು, ಕಾರಣ ಬೇರೆ. ಅಮೆರಿಕದ ಅರಿಜೋನಾ ರಾಜ್ಯದ ಚಿರಿಕಾವಾ ಬೆಟ್ಟಗಳಲ್ಲಿ ಬ್ಲ್ಯಾಕ್‌ಚಿನ್ಡ್ ಹಮ್ಮಿಂಗ್‌ಬರ್ಡ್‌ನ 342 ಗೂಡುಗಳನ್ನು ಪರಿಶೀಲಿಸಿದಾಗ ಸುಮಾರು ಶೇ 80ರಷ್ಟು ಗೂಡುಗಳು ಗಿಡುಗಗಳ ಗೂಡಿನ ಆಸುಪಾಸಿನಲ್ಲಿದ್ದವು. ಹೆರಾಲ್ಡ್ ಗ್ರೀನಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಕೆಲಸ ಇದು. ಹಮ್ಮಿಂಗ್‌ಬರ್ಡ್ ಗಿಡುಗನಿಗೆ ಒಂದು ತುತ್ತಿಗೂ ಸಾಲದು, ಹಾಗಾಗಿ ಅದರ ತಂಟೆಗೆ ಬರುವುದಿಲ್ಲ. ಮೊಟ್ಟೆ ಕದಿಯುವ ಜೇ ಹಕ್ಕಿಗೆ ಮಾತ್ರ ಗಿಡುಗನೆಂದರೆ ಜೀವಭಯ. ಗಿಡುಗ ಮೇಲಿನಿಂದ ಎರಗುವುದರಿಂದ ಜೇ ಅದರ ಗೂಡಿಗಿಂತ ಎತ್ತರದಲ್ಲೇ ಮೇಯುತ್ತದೆ, ಕೆಳಗಿಳಿಯುವುದಿಲ್ಲ. ಗಿಡುಗನ ಗೂಡಿನ ಅಡಿಯಲ್ಲಿ ಶಂಕುವಿನಾಕಾರದ ಸುರಕ್ಷಿತ ಜಾಗ ಉಳಿಯುತ್ತದೆ, ಹಮ್ಮಿಂಗ್‌ಬರ್ಡ್‌ಗಳು ಅಲ್ಲಿ ಸೇರುತ್ತವೆ. ಆಂಡಿಸ್‌ನಲ್ಲಿ ಚಳಿ ಮಾಡಿದ ಕೆಲಸವನ್ನು ಇಲ್ಲಿ ಜೇ ಮಾಡುತ್ತಿದೆ.

ಶಿರಸಿಯ ನಮ್ಮ ತೋಟದಲ್ಲಿ ಸಂಜೆ ಹೊತ್ತು ಹೂವಿನ ಮುಂದೆ ನಿಂತು ರೆಕ್ಕೆ ಬಡಿಯುವ ಹಮ್ಮಿಂಗ್‌ಬರ್ಡ್ ಬರುತ್ತದೆ. ಹಿಮಾಲಯದಲ್ಲೂ ಇದೆಯೇ? — ಓದುಗರು, ಶಿರಸಿ

ಎರಡೂ ಕಡೆ ಇಲ್ಲ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನೀವು ನೋಡಿದ್ದು ಬಹುಮಟ್ಟಿಗೆ ಹಾಕ್ ಮಾತ್ ಎಂಬ ಪತಂಗ. ತಲೆಯಲ್ಲಿ ಮೀಸೆಯಂಥ ಎರಡು ಕುಡಿ, ಸುರುಳಿ ಬಿಚ್ಚುವ ಹೀರುನಳಿಕೆ ಕಂಡರೆ ಅನುಮಾನವೇ ಬೇಡ. ಹಗಲಲ್ಲಿ ಕಂಡ ಹಕ್ಕಿಯಾದರೆ ಸೂರಕ್ಕಿ. ಸೂರಕ್ಕಿ ಹಮ್ಮಿಂಗ್‌ಬರ್ಡ್‌ನ ನೆಂಟನಲ್ಲ. ಇಲ್ಲಿರುವ ನಿಜವಾದ ನೆಂಟರು ಕೋಟೆ ಬಾಗಿಲಲ್ಲಿ, ಸೇತುವೆಯಡಿ ಗುಂಪಾಗಿ ಗೂಡು ಕಟ್ಟುವ ಸ್ವಿಫ್ಟ್‌ಗಳು.

ಕೊಲರಾಡೊದ ಬೆಟ್ಟದ ಊರಿನಲ್ಲಿದ್ದೇವೆ. ಜಗುಲಿಯ ದೀಪದ ಮೇಲೆ ಹಮ್ಮಿಂಗ್‌ಬರ್ಡ್ ಗೂಡು ಕಟ್ಟಿದೆ. ಏನು ಮಾಡಬೇಕು, ಏನು ಮಾಡಬಾರದು? — ಕನ್ನಡಿಗ ಓದುಗರು, ಅಮೆರಿಕ

ಆ ಎತ್ತರದಲ್ಲಿ ಸಾಮಾನ್ಯವಾಗಿ ಅದು ಬ್ರಾಡ್‌ಟೇಲ್ಡ್ ಆಗಿರುತ್ತದೆ. ಕಾಡಿನಲ್ಲಿ ಇದು ಮೇಲೊಂದು ಕೊಂಬೆ ಚಾಚಿರುವ ಕಡೆ ಗೂಡು ಕಟ್ಟುತ್ತದೆ. ನಿಮ್ಮ ಸೂರು ಆ ಕೊಂಬೆಯ ಕೆಲಸ ಮಾಡುತ್ತಿದೆ. ಗೂಡನ್ನು ಸರಿಸಬೇಡಿ. ವಲಸೆಹಕ್ಕಿಗಳ 1918ರ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು.

ದೀಪದ ಸ್ವಿಚ್ಚಿಗೆ ಟೇಪು ಅಂಟಿಸಿ, ಮರಿಗಳು ಹೋಗುವವರೆಗೆ ಯಾರೂ ಹಾಕದಂತೆ ನೋಡಿಕೊಳ್ಳಿ. ಸಾಧ್ಯವಾದರೆ ಬೇರೆ ಬಾಗಿಲು ಬಳಸಿ. ಕಾವು 16ರಿಂದ 19 ದಿನ, ಆಮೇಲೆ ಮೂರು ವಾರದ ಮೇಲೆ ಒಂದಿಷ್ಟು ದಿನ. ಮರಿಗಳಿಗೆ 10–12 ದಿನವಾದ ಮೇಲೆ ತಾಯಿ ರಾತ್ರಿ ಗೂಡಿನಲ್ಲಿ ಕೂರುವುದನ್ನು ನಿಲ್ಲಿಸುತ್ತದೆ. ಹಗಲಲ್ಲಿ ಬಂದರೂ ಕೆಲವೇ ಕ್ಷಣ ಇದ್ದು ಹೋಗುತ್ತದೆ. ಬಹಳ ಜನ ಆಗಲೇ ‘ತಾಯಿ ಬಿಟ್ಟುಹೋಯಿತು’ ಎಂದು ಮರಿಗಳನ್ನು ಎತ್ತಿಕೊಂಡು ಕೆಡಿಸುವುದು. ಕಣ್ಣು ಕೀಳದೆ ಒಂದು ಗಂಟೆ ದೂರದಿಂದ ನೋಡಿ. ಒಮ್ಮೆಯೂ ಬಾರದಿದ್ದರೆ ಪರವಾನಗಿ ಇರುವ ವನ್ಯಜೀವಿ ಆರೈಕೆದಾರರಿಗೆ ಫೋನ್ ಮಾಡಿ. ಮರಿ ಕೆಳಗೆ ಬಿದ್ದಿದ್ದರೆ ಅಂಗೈಯಲ್ಲಿ ಬೆಚ್ಚಗೆ ಮಾಡಿ ಗೂಡಿಗೇ ಇಡಿ. ಮನುಷ್ಯರ ವಾಸನೆಗೆ ತಾಯಿ ಮರಿಯನ್ನು ಬಿಡುತ್ತದೆ ಎಂಬುದು ಸುಳ್ಳು. ಸಕ್ಕರೆನೀರು ಮಾತ್ರ ಕುಡಿಸಬೇಡಿ: ತೊಟ್ಟು ಪುಕ್ಕಕ್ಕೆ ಬಿದ್ದರೆ ಅಂಟಾಗುತ್ತದೆ, ಬೆಳೆಯಲು ಬೇಕಾದ ಹುಳುಹುಪ್ಪಟೆಯ ಪ್ರೋಟೀನು ಅದರಲ್ಲಿಲ್ಲ.

ಬೆಳೆದ ಹಕ್ಕಿಗಳಿಗೆ ಸಕ್ಕರೆನೀರಿನ ಫೀಡರ್ ಇಡುವುದಾದರೆ ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಬೆಲ್ಲ ಬೇಡ, ಅದರ ಕಬ್ಬಿಣ ಇವಕ್ಕೆ ಆಗದು. ಜೇನು ಬೇಡ, ಬೂಸಲು ಬೇಗ ಬರುತ್ತದೆ. ಕೆಂಪು ಬಣ್ಣವೂ ಬೇಡ. ಸೆಕೆಯಿದ್ದರೆ ಎರಡು ದಿನಕ್ಕೊಮ್ಮೆ, ತಂಪಿದ್ದರೆ ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ, ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಹೊಸದು ಹಾಕಿ. ಫೀಡರನ್ನು ಗೂಡಿನ ಪಕ್ಕ ತೂಗುಹಾಕಬೇಡಿ, ಮನೆಯ ಇನ್ನೊಂದು ಮಗ್ಗುಲಿಗಿಡಿ. ಜುಲೈ ಹೊತ್ತಿಗೆ ರೂಫಸ್ ಹಮ್ಮಿಂಗ್‌ಬರ್ಡ್‌ಗಳು ವಲಸೆ ಬಂದು ಫೀಡರ್ ಹಿಡಿದುಕೊಂಡು ಉಳಿದವನ್ನು ಅಟ್ಟುತ್ತವೆ, ಆ ಗದ್ದಲ ಗೂಡಿನ ಮುಂದೆ ಆಗಬಾರದು.

ಈಕ್ವೆಡಾರ್ ಪ್ರವಾಸದಲ್ಲಿ ಹಿಲ್‌ಸ್ಟಾರ್ ಗೂಡುಗಳನ್ನು ನೋಡುವುದು ಹೇಗೆ? — ಓದುಗರು, ಬೆಂಗಳೂರು

ಗೂಡಿಗಿಂತ ಹಕ್ಕಿಯನ್ನು ನೋಡುವ ಗುರಿ ಇಟ್ಟುಕೊಳ್ಳಿ. ಕೀಟೊ ನಗರವೇ 2,850 ಮೀಟರಿನಲ್ಲಿದೆ, ಅಲ್ಲೋ ರಿಯೊಬಾಂಬಾದಲ್ಲೋ ಎರಡು ಮೂರು ರಾತ್ರಿ ಕಳೆದು ಮೈ ಒಗ್ಗಿಸಿಕೊಂಡೇ ಮೇಲೆ ಹೋಗಿ. ಚಿಂಬೊರಾಜೊದಲ್ಲಿ ವಾಹನ ಸುಮಾರು 4,800 ಮೀಟರ್‌ವರೆಗೆ ಹೋಗುತ್ತದೆ. ಮೊದಲ ದಿನವೇ ಹೋದರೆ ತಲೆನೋವು, ವಾಂತಿ ಹಿಡಿದು ಹಕ್ಕಿಯ ಯೋಚನೆಯೇ ಬಾರದು. ಬೆಳಿಗ್ಗೆ ಬೇಗ, ಮೋಡ ಮುಚ್ಚುವ ಮೊದಲು, ಹೂಬಿಟ್ಟ ಚುಕಿರಾಗ್ವ ಪೊದೆಯೊಂದರಿಂದ ಹತ್ತಿಪ್ಪತ್ತು ಮೀಟರ್ ದೂರ ಕುಳಿತು ಕಾಯಿರಿ. ಹಕ್ಕಿ ತಾನಾಗಿ ಬರುತ್ತದೆ. ದನಿ ನುಡಿಸಿ ಕರೆಯಬೇಡಿ.

ಬಂಡೆಗೋಡೆಯಲ್ಲಿ ಗೂಡು ಕಂಡರೆ 8x42 ದುರ್ಬೀನಿನಲ್ಲಿ ದೂರದಿಂದಲೇ ನೋಡಿ, ಫ್ಲ್ಯಾಶ್ ಬೇಡ, ಡ್ರೋನ್ ಬೇಡವೇ ಬೇಡ. ತಾಯಿ ಗೂಡಿನ ಹತ್ತಿರ ಬಂದು ಕೂರದೆ ತಿರುಗಿ ಹೋಗುತ್ತಿದ್ದರೆ ನೀವು ತೀರ ಹತ್ತಿರವಿದ್ದೀರಿ, ಹಿಂದೆ ಸರಿಯಿರಿ. ಸಂಜೆ ಗುಹೆಯೊಳಗೆ ಕರೆದೊಯ್ಯುತ್ತೇನೆ ಎನ್ನುವ ಮಾರ್ಗದರ್ಶಿಗೆ ಬೇಡ ಎನ್ನಿ. ಆ ಹೊತ್ತಿಗೆ ಎಬ್ಬಿಸಿದ ಹಕ್ಕಿ ರಾತ್ರಿಗೆಂದು ತುಂಬಿಕೊಂಡ ಮಕರಂದವನ್ನು ಹಾರಾಟದಲ್ಲಿ ಕಳೆಯುತ್ತದೆ, ಕತ್ತಲಾದ ಮೇಲೆ ಮತ್ತೆ ತುಂಬಿಕೊಳ್ಳಲು ಅದಕ್ಕೆ ಹೂವು ಕಾಣುವುದಿಲ್ಲ.